ಮಲೆನಾಡಿನ ಮನೆಗೆ ಸೋಲಾರ್ ಜೊತೆ ಲಿಥಿಯಂ ಬ್ಯಾಟರಿ: ಒಂದು ಮಳೆಗಾಲ ಕಳೆದ ಮೇಲೆ ಬರೆದ ರಿವ್ಯೂ

ತೀರ್ಥಹಳ್ಳಿ ಕಡೆಯ ನಮ್ಮನೆಗೆ ಸೋಲಾರ್ ಪ್ಯಾನಲ್ಲು, ಹೈಬ್ರಿಡ್ ಇನ್ವರ್ಟರು, ಲಿಥಿಯಂ ಬ್ಯಾಟರಿ ಮೂರನ್ನೂ ಒಟ್ಟಿಗೆ ಹಾಕ್ಸಿ ಈಗ ಒಂದು ಪೂರ್ತಿ ಮಳೆಗಾಲ ಕಳೀತು. ಹೆಂಗಿದೆ, ಹಾಕಿಸ್ಬಹುದಾ, ದುಡ್ಡು ವಾಪಸ್ ಬರುತ್ತಾ ಅಂತ ನೆಂಟರು ಪರಿಚಯದೋರು ಸುಮಾರು ಜನ ಕೇಳ್ತಾನೇ ಇದಾರೆ, ಅದಕ್ಕೇ ಎಲ್ಲಾನೂ ಒಂದೇ ಕಡೆ ಬರೀತಿದೀನಿ. ತೀರ್ಮಾನ ಮೊದಲೇ ಹೇಳಿಬಿಡ್ತೀನಿ. ಕರೆಂಟ್ ಹೋದ್ರೂ ಮನೆ ನಡೀಬೇಕು ಅನ್ನೋರಿಗೆ ಇದು ನಿಜವಾಗ್ಲೂ ಒಳ್ಳೇ ವ್ಯವಸ್ಥೆ, ನಾನಂತೂ ಮತ್ತೆ ಕೇಳಿದ್ರೂ ಹಾಕಿಸ್ತೀನಿ. ಬಿಲ್ ಉಳಿಸೋದಷ್ಟೇ ಉದ್ದೇಶ ಅನ್ನೋರಿಗೆ ಬ್ಯಾಟರಿ ಬೇಡ, ಬರೀ ಪ್ಯಾನಲ್ ಸಾಕು. ಮತ್ತೆ ಬ್ಯಾಟರಿ ಎಷ್ಟು ದೊಡ್ಡದು ಅನ್ನೋದಕ್ಕಿಂತ, ಕರೆಂಟ್ ಹೋದಾಗ ಮನೆಯ ಯಾವ ಲೈನ್‌ಗಳು ಆ ಬ್ಯಾಟರಿ ಮೇಲೆ ಓಡ್ತವೆ ಅನ್ನೋದೇ ಇದರಲ್ಲಿ ಎಲ್ಲಕ್ಕಿಂತ ಮುಖ್ಯ. ಇದನ್ನ ಯಾವ ಸೇಲ್ಸ್ ಹುಡುಗನೂ ಮೊದಲು ಹೇಳಲ್ಲ.

ಹಾಕಿರೋದು ಇಷ್ಟು: 540 ವ್ಯಾಟಿನ ಆರು ಪ್ಯಾನಲ್ಲು, ಅಂದ್ರೆ 3.24 ಕಿಲೋವ್ಯಾಟ್. 5 ಕಿಲೋವ್ಯಾಟಿನ ಹೈಬ್ರಿಡ್ ಇನ್ವರ್ಟರ್. 51.2 ವೋಲ್ಟ್, 100 ಆಂಪಿಯರ್ ಅವರ್‌ನ ಒಂದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ, ಗುಣಿಸಿದ್ರೆ 5.12 ಯೂನಿಟ್. ಕೆಲಸ ಮಾಡಿದ್ದು ಶಿವಮೊಗ್ಗದ ಒಂದು ಏಜೆನ್ಸಿ. ಅವರ ಹೆಸರಾಗಲಿ ಬ್ಯಾಟರಿ ಬ್ರ್ಯಾಂಡ್ ಆಗಲಿ ಇಲ್ಲಿ ಹಾಕ್ತಿಲ್ಲ, ಯಾಕಂದ್ರೆ ಅದೇ ಬ್ಯಾಟರಿನ ಬೇರೆಯೋರು ಬೇರೆ ಥರ ಫಿಟ್ ಮಾಡಿದ್ರೆ ಅನುಭವಾನೇ ಬೇರೆ ಆಗುತ್ತೆ, ಹೆಸರು ನೋಡಿ ತಗೊಂಡು ಬಂದು ಆಮೇಲೆ ಬೇಜಾರು ಮಾಡ್ಕೊಳೋದು ಬೇಡ.

ಬರೀ ಪ್ಯಾನಲ್ ಹಾಕ್ಸಿದ್ರೆ ಕರೆಂಟ್ ಹೋದಾಗ್ಲೂ ಮನೇಲಿ ಬೆಳಕಿರುತ್ತೆ ಅಂತ ಬಹಳ ಜನ ತಿಳ್ಕೊಂಡಿದಾರೆ. ಇರಲ್ಲ. ನೆಟ್ ಮೀಟರಿನ (ಲೈನಿಗೆ ಬಿಟ್ಟ, ಲೈನಿಂದ ತಗೊಂಡ ಯೂನಿಟ್ ಎರಡನ್ನೂ ಅಳೆಯೋ ಮೀಟರು) ಮಾಮೂಲಿ ಆನ್‌ಗ್ರಿಡ್ ಇನ್ವರ್ಟರು, ಅಂದ್ರೆ ಲೈನ್ ಕರೆಂಟಿಗೇ ಸೇರಿಸಿರೋದು, ಲೈನಲ್ಲಿ ಕರೆಂಟ್ ಹೋದ ಕೂಡ್ಲೇ ತಾನೂ ಆಫ್ ಆಗುತ್ತೆ, ಮೇಲೆ ಎಷ್ಟೇ ಬಿಸಿಲಿದ್ರೂ ಅಷ್ಟೇ. ಅದು ಕೆಟ್ಟಿರೋದಲ್ಲ, ಹಂಗೇ ಇರ್ಬೇಕು. ಕಂಬದ ಮೇಲೆ ಲೈನ್‌ಮ್ಯಾನ್ ಕೆಲಸ ಮಾಡ್ತಿರ್ತಾರೆ, ಲೈನ್ ಆಫ್ ಇದೆ ಅಂದ್ಕೊಂಡು ಮುಟ್ಟಿರ್ತಾರೆ, ಆಗ ನಮ್ಮನೆ ಪ್ಯಾನಲ್ಲಿಂದ ಕರೆಂಟ್ ವಾಪಸ್ ಹೋದ್ರೆ ಅವರ ಜೀವ ಹೋಗುತ್ತೆ. ಹೈಬ್ರಿಡ್ ಇನ್ವರ್ಟರು ಏನು ಮಾಡುತ್ತೆ ಅಂದ್ರೆ, ಕರೆಂಟ್ ಹೋದ ತಕ್ಷಣ ಹೊರಗಿನ ಲೈನನ್ನ ಕಡಿದು ಮನೆಯ ಬ್ಯಾಕಪ್ ಲೈನನ್ನ ಮಾತ್ರ ಬ್ಯಾಟರಿ ಮೇಲೆ ನಡೆಸುತ್ತೆ, ಹಗಲಲ್ಲಿ ಪ್ಯಾನಲ್ಲಿಂದ ಬ್ಯಾಟರಿ ಚಾರ್ಜೂ ಆಗ್ತಾ ಇರುತ್ತೆ. ನಮ್ಮ ಕಡೆಗೆ ಬೇಕಿದ್ದಿದ್ದು ಇದೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ, ನಮ್ಮಲ್ಲಿ ಅಷ್ಟಿಲ್ಲದಿದ್ರೂ ಜೂನಿಂದ ಸೆಪ್ಟೆಂಬರ್ ತನಕ ಗಾಳಿಗೆ ಮರ ಲೈನ್ ಮೇಲೆ ಬೀಳೋದು ಮಾಮೂಲು, ಕಾಡಿನ ಮಧ್ಯದ ಲೈನಲ್ಲಿ ಎಲ್ಲಿ ಬಿದ್ದಿದೆ ಅಂತ ಹುಡುಕೋದೇ ಆ ಲೈನ್‌ಮ್ಯಾನ್‌ಗಳಿಗೆ ದೊಡ್ಡ ಕೆಲಸ, ಜೋರು ಮಳೇಲಿ ನೆನ್ಕೊಂಡು ಅವರು ಮಾಡೋ ಕೆಲಸ ನೋಡಿದ್ರೆ ಕೈ ಮುಗೀಬೇಕು.

ಮುಂಚೆ ನಮ್ಮಲ್ಲಿ ಇದ್ದಿದ್ದು 150 ಆಂಪಿಯರ್ ಅವರ್‌ನ ಒಂದು ಟ್ಯೂಬುಲರ್ (ಲೆಡ್ ಆಸಿಡ್) ಬ್ಯಾಟರಿ, ಸಾಧಾರಣ ಇನ್ವರ್ಟರ್. ಲೆಕ್ಕಕ್ಕೆ 1.8 ಯೂನಿಟ್, ಆದ್ರೆ ಲೆಡ್ ಆಸಿಡ್ ಬ್ಯಾಟರಿನ ದಿನಾ ಅರ್ಧಕ್ಕಿಂತ ಜಾಸ್ತಿ ಇಳಿಸಿದ್ರೆ ಆಯಸ್ಸು ಕಮ್ಮಿ ಆಗುತ್ತೆ, ಹಾಗಾಗಿ ಕೈಗೆ ಸಿಗೋದು ಒಂದು ಯೂನಿಟ್ಟಿನ ಆಸುಪಾಸು. ನಾಲ್ಕು ಲೈಟು ಎರಡು ಫ್ಯಾನಿಗೆ ಸಂಜೆ ತನಕ ಬರ್ತಿತ್ತು, ಮಾರನೇ ದಿನಾನೂ ಕರೆಂಟ್ ಬರದಿದ್ರೆ ಮುಗೀತು. ಡಿಸ್ಟಿಲ್ಡ್ ವಾಟರ್ ಹಾಕೋದು, ಟರ್ಮಿನಲ್ ಮೇಲಿನ ಬಿಳಿ ಪುಡಿ ಒರೆಸೋದು ಬೇರೆ. ಲಿಥಿಯಂನಲ್ಲಿ ಅದ್ಯಾವ್ದೂ ಇಲ್ಲ, 5.12ರಲ್ಲಿ ಶೇಕಡಾ 90 ಬಳಸ್ಬಹುದು, ಇನ್ವರ್ಟರಲ್ಲಿ ಆಗೋ ನಷ್ಟ ಕಳೆದ್ರೂ ನಾಲ್ಕು ಯೂನಿಟ್ಟಿಗೆ ಮೇಲೆ ನಿಜವಾಗಿ ಸಿಗುತ್ತೆ.

ಈಗ ಬ್ಯಾಕಪ್ ಬೋರ್ಡಿನ ವಿಷಯ. ಹೈಬ್ರಿಡ್ ಇನ್ವರ್ಟರಲ್ಲಿ ಎರಡು ಔಟ್‌ಪುಟ್ ಇರುತ್ತೆ, ಒಂದು ಗ್ರಿಡ್ ಕಡೆಗೆ, ಇನ್ನೊಂದು ಬ್ಯಾಕಪ್ ಕಡೆಗೆ. ಬ್ಯಾಕಪ್ಪಿಗೆ ಯಾವುದನ್ನ ಕೊಡ್ತೀವೋ ಕರೆಂಟ್ ಹೋದಾಗ ಅಷ್ಟು ಮಾತ್ರ ಓಡುತ್ತೆ. ಏಜೆನ್ಸಿಯ ಹುಡುಗರು ಬಂದೋರೇ ಇಡೀ ಮನೆ ಮೇನ್ ಲೈನನ್ನ ಬ್ಯಾಕಪ್ಪಿಗೆ ಕೊಟ್ಬಿಡ್ತೀವಿ ಅಂದ್ರು, ಅವರಿಗೆ ಅದು ಸುಲಭ, ಅರ್ಧ ದಿನದ ಕೆಲಸ. ನಮ್ಮೂರ ಎಲೆಕ್ಟ್ರೀಷಿಯನ್ ಅಣ್ಣ ಅಲ್ಲೇ ಇದ್ರು, ಬೇಡ ಅಂದ್ರು. "ಒಂದಿನ ಮನೇಲಿ ಯಾರೋ ಗೊತ್ತಿಲ್ದೆ ಇಸ್ತ್ರಿಪೆಟ್ಟಿಗೆ ಹಾಕ್ತಾರೆ, ಇನ್ಯಾರೋ ಪಂಪ್ ಆನ್ ಮಾಡ್ತಾರೆ, ರಾತ್ರಿ ಎಂಟಕ್ಕೆ ಬ್ಯಾಟರಿ ಖಾಲಿ. ಲೈನ್ ಬೇರೆ ಮಾಡೋಣ, ಎರಡು ದಿನ ಹೋದ್ರೆ ಹೋಗ್ಲಿ" ಅಂತ. ಅವರ ಮಾತು ಕೇಳಿದ್ದೇ ಈ ಇಡೀ ಕೆಲಸದಲ್ಲಿ ನಮಗೆ ಆದ ದೊಡ್ಡ ಉಪಕಾರ.

ಬೇರೆ ಮಾಡ್ವಾಗ ಗೊತ್ತಾಗಿದ್ದು ಏನಂದ್ರೆ ಹಳೇ ಮನೆ ವೈರಿಂಗಲ್ಲಿ ಫೇಸ್ ಬೇರೆ ಬೇರೆ ಇದ್ರೂ ನ್ಯೂಟ್ರಲ್ ಎಲ್ಲಾ ಒಂದೇ ಕಡೆ ಸೇರಿಸಿರ್ತಾರೆ. ಬ್ಯಾಕಪ್ ಲೈನಿನ ನ್ಯೂಟ್ರಲ್ಲೂ ಉಳಿದ ಲೈನಿನ ನ್ಯೂಟ್ರಲ್ಲೂ ಕೂಡಿದ್ರೆ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಲೈನ್ ಕಡಿಯೋ ಸ್ವಿಚ್ಚು) ಸುಮ್ಸುಮ್ನೆ ಟ್ರಿಪ್ ಆಗುತ್ತೆ, ಇನ್ವರ್ಟರು ಎರರ್ ತೋರಿಸುತ್ತೆ, ಅಪಾಯಾನೂ ಹೌದು. ಅಣ್ಣ ಒಂದೊಂದು ಸ್ವಿಚ್ ಬೋರ್ಡ್ ಬಿಚ್ಚಿ ನ್ಯೂಟ್ರಲ್ ಹುಡುಕಿ ಬೇರೆ ನ್ಯೂಟ್ರಲ್ ಬಾರಿಗೆ (ವೈರ್ ಕೂಡಿಸೋ ಲೋಹದ ಪಟ್ಟಿಗೆ) ತಂದ್ರು. ಹಳೇ ಮನೆಯೋರು ಕೊಟೇಶನ್ ತಗೊಳ್ವಾಗ್ಲೇ ಈ ನ್ಯೂಟ್ರಲ್ ಬೇರೆ ಮಾಡೋ ಕೆಲಸ ಯಾರದ್ದು, ಅದರ ಖರ್ಚು ಯಾರದ್ದು ಅಂತ ಕೇಳಿ ಬರೆಸ್ಕೊಳ್ಳಿ.

ಕೊನೆಗೆ ಬ್ಯಾಕಪ್ ಬೋರ್ಡಿಗೆ ಬಂದಿದ್ದು: ಎಲ್ಲಾ ಎಲ್‌ಇಡಿ ಲೈಟು, ಫ್ಯಾನು, ಒಂದು ಫ್ರಿಜ್ಜು, ವೈಫೈ, ತಮ್ಮನ ಕಂಪ್ಯೂಟರು, ಟಿವಿ, ಅಡಿಗೆಮನೆಯ ಒಂದು ಪಾಯಿಂಟು ಮಿಕ್ಸಿಗೆ. ಹೊರಗೆ ಉಳಿದಿದ್ದು ವಾಷಿಂಗ್ ಮಷೀನು, ಇಸ್ತ್ರಿ, ಇಂಡಕ್ಷನ್ನು, ಎರಡನೇ ಫ್ರಿಜ್ಜು. ಗೀಸರ್ ನಮ್ಮಲ್ಲಿ ಇಲ್ಲ, ಬಚ್ಚಲೊಲೇಲಿ ಹಂಡೆ ನೀರು, ಮಲೆನಾಡಲ್ಲಿ ಆ ಒಂದು ಖರ್ಚು ಕಮ್ಮಿ. ಗೀಸರ್ ಇರೋರು ಅದನ್ನ ಯಾವ ಕಾರಣಕ್ಕೂ ಬ್ಯಾಕಪ್ಪಿಗೆ ತರ್ಬೇಡಿ, 2,000 ವ್ಯಾಟ್ ಎಳೆಯೋ ವಸ್ತು ಈ ಬ್ಯಾಟರಿನ ಎರಡು ಗಂಟೇಲಿ ಮುಗಿಸುತ್ತೆ. ಹಳೇ ಫ್ಯಾನು 75 ವ್ಯಾಟ್ ತಿನ್ನುತ್ತೆ, ಬಿಎಲ್‌ಡಿಸಿ ಮೋಟರಿನ ಹೊಸ ಥರದ ಫ್ಯಾನು 30 ವ್ಯಾಟಿನ ಹತ್ರ, ಹಾಗಾಗಿ ಎರಡನೇ ಬ್ಯಾಟರಿಗೆ ದುಡ್ಡು ಹಾಕೋ ಮುಂಚೆ ಫ್ಯಾನ್ ಬದಲಾಯಿಸಿ. ನಾವು ರಾತ್ರಿ ಪೂರ್ತಿ ಓಡೋ ಮೂರು ಫ್ಯಾನ್ ಬದಲಾಯಿಸಿದ್ವಿ, ಅದರಿಂದ ಉಳಿದ ಯೂನಿಟ್ಟಲ್ಲಿ ಫ್ರಿಜ್ಜೇ ನಡೆಯುತ್ತೆ.

ಬಾವಿ ಪಂಪಿನ ಬಗ್ಗೆ ತುಂಬಾ ಚರ್ಚೆ ಆಯ್ತು, ಅಮ್ಮನಿಗೆ ಎಲ್ಲಕ್ಕಿಂತ ಮುಖ್ಯ ಅದೇ, ನೀರಿಲ್ದೆ ಹೆಂಗೆ ಅಂತ. ಒಂದು ಎಚ್‌ಪಿ ಮೋಟರು ಓಡ್ವಾಗ ಸಾವಿರ ವ್ಯಾಟಿನ ಹತ್ರ ತಗೊಳ್ಳುತ್ತೆ, ಸ್ಟಾರ್ಟ್ ಆಗೋ ಕ್ಷಣದಲ್ಲಿ ಅದರ ಎಷ್ಟೋ ಪಟ್ಟು ಎಳೆಯುತ್ತೆ. ಇಲ್ಲಿ ಒಂದು ವಿಷಯ ಸರಿಯಾಗಿ ತಿಳ್ಕೋಬೇಕು, ಬ್ಯಾಟರಿಯ ಯೂನಿಟ್ ಬೇರೆ, ಕಿಲೋವ್ಯಾಟ್ ಬೇರೆ. ಹಂಡೇಲಿ ಎಷ್ಟು ನೀರಿದೆ ಅನ್ನೋದು ಯೂನಿಟ್ಟು, ನಲ್ಲಿ ಎಷ್ಟು ದಪ್ಪ ಅನ್ನೋದು ಕಿಲೋವ್ಯಾಟು. ಇನ್ವರ್ಟರ್ 5 ಕಿಲೋವ್ಯಾಟ್ ಅಂತ ಬರೆದಿದ್ರೂ ಒಂದೇ ಬ್ಯಾಟರಿ ಇದ್ದಾಗ ಅದರ ಒಳಗಿನ ಬಿಎಂಎಸ್ (ಬ್ಯಾಟರಿನ ಕಾಯೋ ಎಲೆಕ್ಟ್ರಾನಿಕ್ ಬೋರ್ಡು) ಎಷ್ಟು ಆಂಪಿಯರ್ ಬಿಡುತ್ತೋ ಅಷ್ಟೇ ಬರೋದು. ನಮ್ಮ ಬ್ಯಾಟರಿ ಶೀಟಲ್ಲಿ ನಿರಂತರ 50 ಆಂಪಿಯರ್ ಅಂತಿದೆ, 51.2 ವೋಲ್ಟಿಂದ ಗುಣಿಸಿದ್ರೆ ಎರಡೂವರೆ ಕಿಲೋವ್ಯಾಟ್ ಮಾತ್ರ. ಪಂಪ್ ಓಡುತ್ತೆ, ಆದ್ರೆ ಆಗ ಮಿಕ್ಸಿ ಹಾಕೋ ಹಾಗಿಲ್ಲ. ಅದಕ್ಕೇ ಪಂಪಿಗೆ ಒಂದು ಚೇಂಜ್‌ಓವರ್ ಸ್ವಿಚ್ ಹಾಕ್ಸಿದೀವಿ, ಮಾಮೂಲಿ ದಿನ ಅದು ಲೈನ್ ಮೇಲೆ, ಕರೆಂಟ್ ಎರಡು ದಿನ ಬರಲ್ಲ ಅಂತ ಗೊತ್ತಾದ್ರೆ ಮಧ್ಯಾಹ್ನ ಸ್ವಲ್ಪ ಬೆಳಕಿದ್ದಾಗ ಬ್ಯಾಕಪ್ಪಿಗೆ ತಿರುಗಿಸಿ ಟ್ಯಾಂಕ್ ತುಂಬಿಸ್ಕೊಳೋದು. ಅಮ್ಮನೇ ಮಾಡ್ತಾರೆ ಈಗ. ತೋಟದ ಪಂಪ್‌ಸೆಟ್ ಬೇರೆ ಕನೆಕ್ಷನ್ನು, ಅದು ಇದರಲ್ಲಿ ಸೇರಿಲ್ಲ.

ಸೆಟ್ಟಿಂಗ್ ವಿಷಯಕ್ಕೆ ಬರ್ತೀನಿ, ಇದನ್ನ ತಪ್ಪದೆ ಓದಿ. ಏಜೆನ್ಸಿಯೋರು ಇನ್ವರ್ಟರನ್ನ ಮೊದಲು ಸೋಲಾರ್, ಆಮೇಲೆ ಬ್ಯಾಟರಿ, ಕೊನೆಗೆ ಲೈನ್ ಕರೆಂಟು ಅನ್ನೋ ಕ್ರಮದಲ್ಲಿ ಇಟ್ಟು ಹೋಗಿದ್ರು, ಎಸ್‌ಬಿಯು ಅಂತಾರೆ ಅದಕ್ಕೆ. ಅಂದ್ರೆ ಸಂಜೆ ಸೂರ್ಯ ಇಳಿದ ಮೇಲೆ ಲೈನಲ್ಲಿ ಕರೆಂಟ್ ಇದ್ರೂ ಮನೆ ಬ್ಯಾಟರಿ ಮೇಲೇ ಓಡುತ್ತೆ, ಹತ್ತು ಗಂಟೆ ಹೊತ್ತಿಗೆ ಬ್ಯಾಟರಿ ತಳ ಮುಟ್ಟುತ್ತೆ, ಸರಿಯಾಗಿ ಆಗ ಗಾಳಿ ಬಂದು ಕರೆಂಟ್ ಹೋದ್ರೆ ಇಷ್ಟು ದುಡ್ಡು ಕೊಟ್ಟು ಕತ್ತಲೇಲಿ ಕೂರ್ಬೇಕು. ನಮ್ಮಲ್ಲಿ ಹಾಗೇ ಆಯ್ತು, ಕಾರಣ ಹುಡುಕಿದಾಗ ಈ ಸೆಟ್ಟಿಂಗ್ ಸಿಕ್ತು. ಮಲೆನಾಡಿನ ಮನೆಗೆ ಮಳೆಗಾಲದಲ್ಲಿ ಇದು ಪೂರ್ತಿ ತಪ್ಪು ಕ್ರಮ. ಈಗ ನಾವು ಇಟ್ಟಿರೋದು ಹೀಗೆ: ಜೂನಿಂದ ಸೆಪ್ಟೆಂಬರ್ ತನಕ ಕರೆಂಟ್ ಇರೋವಾಗ ಬ್ಯಾಟರಿ ಶೇಕಡಾ 80ಕ್ಕಿಂತ ಕೆಳಗೆ ಇಳಿಯಂಗಿಲ್ಲ, ಬೇಕಾದ್ರೆ ಲೈನಿಂದಾನೂ ಚಾರ್ಜ್ ಆಗ್ಲಿ. ಬೇಸಿಗೇಲಿ ಆ ಮಿತಿ 40ಕ್ಕೆ ಇಳಿಸ್ತೀವಿ. ನಿಮ್ಮ ಇನ್ವರ್ಟರಲ್ಲಿ ಈ ಮಿತಿನ ನೀವೇ ಬದಲಾಯಿಸೋಕೆ ಆಗುತ್ತಾ, ಇಲ್ಲಾ ಇನ್‌ಸ್ಟಾಲರ್ ಪಾಸ್‌ವರ್ಡ್ ಬೇಕಾ ಅಂತ ಅವರು ಮನೆ ಬಿಡೋ ಮುಂಚೆ ಕೇಳಿ ತೋರಿಸ್ಕೊಳ್ಳಿ.

ಇನ್ನೊಂದು, ಬ್ಯಾಟರಿಗೂ ಇನ್ವರ್ಟರಿಗೂ ಮಧ್ಯೆ ಒಂದು ಕಮ್ಯುನಿಕೇಶನ್ ಕೇಬಲ್ ಇರುತ್ತೆ, ನೋಡೋಕೆ ಇಂಟರ್ನೆಟ್ ಕೇಬಲ್ ಥರಾನೇ. ಅದು ಹಾಕಿ ಎರಡೂ ಒಂದಕ್ಕೊಂದು ಮಾತಾಡೋ ಹಾಗೆ ಮಾಡಿದ್ರೆ ಮಾತ್ರ ಬಿಎಂಎಸ್ ಹೇಳಿದ ಹಾಗೆ ಚಾರ್ಜ್ ಆಗೋದು, ಇಲ್ಲಾಂದ್ರೆ ಇನ್ವರ್ಟರ್ ಬರೀ ವೋಲ್ಟೇಜ್ ನೋಡಿ ಅಂದಾಜಲ್ಲಿ ನಡೆಯುತ್ತೆ. ಎಲ್‌ಎಫ್‌ಪಿಯಲ್ಲಿ ಆ ಅಂದಾಜು ಸರಿ ಬರಲ್ಲ, ಯಾಕಂದ್ರೆ ಶೇಕಡಾ 80 ಇದ್ರೂ 30 ಇದ್ರೂ ವೋಲ್ಟೇಜ್ ಹೆಚ್ಚುಕಮ್ಮಿ ಒಂದೇ ಇರುತ್ತೆ. ಅದೇ ಕಾರಣಕ್ಕೆ ಆಗಾಗ ಬ್ಯಾಟರಿನ ನೂರಕ್ಕೆ ನೂರು ತುಂಬಿಸಿ ಸ್ವಲ್ಪ ಹೊತ್ತು ಬಿಡ್ಬೇಕು, ಒಳಗಿರೋ 16 ಸೆಲ್ಲೂ ಸಮ ಆಗ್ತವೆ, ಪರದೆ ಮೇಲಿನ ಪರ್ಸೆಂಟೂ ಸರಿ ತೋರಿಸುತ್ತೆ. ಮಳೆಗಾಲದಲ್ಲಿ ಬಿಸಿಲಿಂದ ತುಂಬಲ್ಲ, ತಿಂಗಳಿಗೊಮ್ಮೆ ಲೈನಿಂದ ತುಂಬಿಸ್ತೀವಿ.

ಜುಲೈ ಮಳೆ ಹೆಂಗಿತ್ತು, ಪ್ಯಾನಲ್ ಏನು ಕೊಡ್ತು ಅಂತ ಎಲ್ಲರೂ ಕೇಳ್ತಾರೆ. ಮಾರ್ಚ್ ಏಪ್ರಿಲಲ್ಲಿ ದಿನಕ್ಕೆ 13, 14 ಯೂನಿಟ್ ಕೊಡೋ ಪ್ಯಾನಲ್ಲು ಎಡೆಬಿಡದ ಮಳೇಲಿ 3, 4 ಯೂನಿಟ್ಟಿಗೆ ಇಳಿಯುತ್ತೆ. ಕಮ್ಮಿ ಅನ್ಸುತ್ತೆ, ಆದ್ರೆ ಕರೆಂಟ್ ಇಲ್ಲದ ದಿನ ಆ ಮೂರು ಯೂನಿಟ್ಟಿನ ಬೆಲೆ ಬೇರೇನೇ. ಫ್ರಿಜ್ಜಿಗೆ ಒಂದು ಯೂನಿಟ್, ಇನ್ವರ್ಟರ್ ತಾನು ಆನ್ ಇರೋಕೇ ದಿನಕ್ಕೆ ಒಂದು ಯೂನಿಟ್ ತಿನ್ನುತ್ತೆ (ಇದನ್ನ ಯಾರೂ ಹೇಳಲ್ಲ, ಸುಮ್ನೆ ಇದ್ರೂ 40ರಿಂದ 50 ವ್ಯಾಟ್), ಉಳಿದಿದ್ದರಲ್ಲಿ ಲೈಟು ಫ್ಯಾನು ವೈಫೈ. ಕರೆಂಟು ಸತತ ಮೂರು ದಿನ ಇಲ್ಲದಾಗ್ಲೂ ಮನೇಲಿ ಫ್ರಿಜ್ ನಿಲ್ಲಲಿಲ್ಲ, ನನ್ನ ತಮ್ಮ ಕಂಪ್ಯೂಟರ್ ಕೆಲಸ ಬಿಟ್ಟು ತೀರ್ಥಹಳ್ಳಿಗೆ ಓಡ್ಲಿಲ್ಲ, ಅಪ್ಪನ ಇನ್ಸುಲಿನ್ ಹಾಳಾಗ್ಲಿಲ್ಲ. ಮುಂಚೆ ಆ ಇನ್ಸುಲಿನನ್ನ ಮಡಿಕೆ ನೀರಲ್ಲಿಟ್ಟು ಕಾಯ್ತಿದ್ವಿ. ನಮ್ಮನೆಗೆ ಇದರ ಬೆಲೆನ ಬರೀ ರೂಪಾಯಿ ಲೆಕ್ಕದಲ್ಲಿ ಹಾಕೋಕೆ ನನಗೆ ಮನಸ್ಸಿಲ್ಲ. ಕರೆಂಟ್ ಹೋಗೋ ಬರೋ ಕ್ಷಣಾನೂ ಗೊತ್ತಾಗಲ್ಲ, ಕಂಪ್ಯೂಟರ್ ಆಫ್ ಆಗಲ್ಲ, ಎಷ್ಟೋ ಸಲ ಪಕ್ಕದ ಮನೆಯೋರು ಕೇಳಿದ ಮೇಲೇ ನಮಗೆ ಗೊತ್ತಾಗೋದು.

ಆದ್ರೂ ದುಡ್ಡಿನ ಲೆಕ್ಕ ಬೇಕು, ಮುಚ್ಚಿಡೋದೇನಿಲ್ಲ. ಎಲ್ಲಾ ಸೇರಿ 3 ಲಕ್ಷ 85 ಸಾವಿರ ಆಯ್ತು, ಅದರಲ್ಲಿ ಬ್ಯಾಟರಿ ಒಂದಕ್ಕೇ 1 ಲಕ್ಷ 20 ಸಾವಿರದ ಹತ್ರ. 2024ರ ಫೆಬ್ರವರೀಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೇಲಿ 2 ಕಿಲೋವ್ಯಾಟ್ ತನಕ ಕಿಲೋವ್ಯಾಟಿಗೆ 30,000, 3 ಕಿಲೋವ್ಯಾಟ್ ಮತ್ತು ಮೇಲಿದ್ದಕ್ಕೆ ಒಟ್ಟು 78,000 ಸಬ್ಸಿಡಿ, ನಮಗೆ 78,000 ಅಕೌಂಟಿಗೆ ಬಂತು. ಆದ್ರೆ ಆ ಸಬ್ಸಿಡಿ ಪ್ಯಾನಲ್ ಸಾಮರ್ಥ್ಯದ ಲೆಕ್ಕಕ್ಕೆ, ಬ್ಯಾಟರಿಗೆ ಅಂತ ಒಂದು ರೂಪಾಯೀನೂ ಇಲ್ಲ. ಪ್ಯಾನಲ್ಲೂ ದೇಶದಲ್ಲೇ ತಯಾರಾದ ಸೆಲ್ಲಿಂದ ಮಾಡಿದ್ದೇ ಆಗಿರ್ಬೇಕು, ಡಿಸಿಆರ್ ಪ್ಯಾನಲ್ ಅಂತ ಕೇಳಿ, ಬಿಲ್ಲಲ್ಲಿ ಬರೆಸ್ಕೊಳ್ಳಿ, ಅದು ಬೇರೇದಕ್ಕಿಂತ ರೇಟ್ ಜಾಸ್ತಿ.

ಬ್ಯಾಟರಿ ಯಾಕೆ ದುಡ್ಡು ಉಳಿಸಲ್ಲ ಅಂದ್ರೆ, ನೆಟ್ ಮೀಟರ್ ಇರೋ ಮನೇಲಿ ಹಗಲು ಲೈನಿಗೆ ಬಿಟ್ಟ ಯೂನಿಟ್ಟು ರಾತ್ರಿ ಬಳಸಿದ್ದಕ್ಕೆ ವಜಾ ಆಗುತ್ತೆ. ಹಂಗಿದ್ಮೇಲೆ ಆ ಯೂನಿಟ್ಟನ್ನ ಬ್ಯಾಟರೀಲಿ ಇಟ್ಕೊಂಡು ಬಳಸಿದ್ರೆ ಲಾಭ ಏನೂ ಇಲ್ಲ, ಇಟ್ಟು ತೆಗೆಯೋದ್ರಲ್ಲಿ ಸ್ವಲ್ಪ ನಷ್ಟಾನೇ. ಪ್ಯಾನಲ್ ಮಾತ್ರ ಉಳಿಸುತ್ತೆ, ಯೂನಿಟ್ಟಿಗೆ 6 ರೂಪಾಯಿ ಆಸುಪಾಸಿನ ಲೆಕ್ಕದಲ್ಲಿ. ತಿಂಗಳಿಗೆ ಬಳಸೋದಕ್ಕಿಂತ ಜಾಸ್ತಿ ಉತ್ಪಾದನೆ ಆದ್ರೆ ಅದಕ್ಕೆ ಕೊಡೋ ರೇಟು ನಾವು ಕೊಳ್ಳೋ ರೇಟಿಗಿಂತ ಕಮ್ಮಿ, ಹಾಗಾಗಿ ಅಗತ್ಯಕ್ಕಿಂತ ದೊಡ್ಡ ಪ್ಯಾನಲ್ ಹಾಕೋದ್ರಲ್ಲೂ ಅರ್ಥ ಇಲ್ಲ. ಇನ್ನು 2023ರಿಂದ ಗೃಹಜ್ಯೋತಿ ಇದೆ, 200 ಯೂನಿಟ್ಟಿನ ಒಳಗಿದ್ದು ಸೊನ್ನೆ ಬಿಲ್ ಬರ್ತಿರೋ ಮನೆಯೋರಿಗೆ ಸೋಲಾರಿಂದ ಉಳಿಯೋ ದುಡ್ಡೇ ಇಲ್ಲ. ಅಂಥೋರು ಬರೀ ಕರೆಂಟ್ ಕಟ್ಟಿಗೆ ಅಂತ ಆದ್ರೆ ಪ್ಯಾನಲ್ ಬಿಟ್ಟು ಚಿಕ್ಕ ಇನ್ವರ್ಟರ್ ಜೊತೆ ಒಂದು ಲಿಥಿಯಂ ಬ್ಯಾಟರಿ ಹಾಕ್ಸೋದೇ ವಾಸಿ ಅಂತ ನನ್ನ ಅಭಿಪ್ರಾಯ. ನಮ್ಮನೆ ಬಳಕೆ 200 ದಾಟ್ತಿತ್ತು, ಅದಕ್ಕೆ ನಮಗೆ ಪ್ಯಾನಲ್ ಲೆಕ್ಕ ಸರಿ ಬಂತು.

ಜಾಗದ ಬಗ್ಗೆ. ಹೆಂಚಿನ ಮಾಡಿನ ಮೇಲೆ ಬೇಡ ಅಂತ ಹಿಂದಿನ ಆರ್‌ಸಿಸಿ ತಾರಸಿ ಮೇಲೆ ಹಾಕ್ಸಿದ್ವಿ, ಕಿಲೋವ್ಯಾಟಿಗೆ ನೂರು ಚದರಡಿ ಅಂತ ಅಂದಾಜು ಇಟ್ಕೊಳ್ಳಿ. ಪಕ್ಕದ ಹಲಸಿನ ಮರದ ಎರಡು ಕೊಂಬೆ ಕಡಿಸ್ಬೇಕಾಯ್ತು. ಪ್ಯಾನಲ್ಲೆಲ್ಲಾ ಒಂದರ ಹಿಂದೆ ಒಂದು ಸೀರೀಸಲ್ಲಿ ಇರೋದ್ರಿಂದ ಒಂದಕ್ಕೆ ನೆರಳು ಬಿದ್ರೂ ಒಟ್ಟು ಉತ್ಪಾದನೆಗೆ ಪೆಟ್ಟು. ಮಳೆಗಾಲದಲ್ಲಿ ಧೂಳಿಲ್ಲ, ಆದ್ರೆ ಕೆಳಗಿನ ಅಂಚಲ್ಲಿ ಪಾಚಿ ಹಿಡಿಯುತ್ತೆ, ಮೆತ್ತನೆ ಬಟ್ಟೇಲಿ ಒರೆಸ್ಬೇಕು, ಬೆಳಿಗ್ಗೆ ಬಿಸಿಲು ಏರೋ ಮುಂಚೆ. ಮಂಗಗಳು ಪ್ಯಾನಲ್ ಮೇಲೆ ಹಾರ್ತವೆ, ಗಾಜು ತಡೀತು, ಆದ್ರೆ ಕೆಳಗೆ ನೇತಾಡ್ತಿದ್ದ ವೈರನ್ನ ಎಳೆದಿದ್ವು, ಆಮೇಲೆ ಎಲ್ಲಾ ವೈರನ್ನ ಪೈಪಲ್ಲಿ ಹಾಕ್ಸಿದ್ವಿ.

ಬ್ಯಾಟರಿ ಇನ್ವರ್ಟರ್ ಎರಡನ್ನೂ ಏಜೆನ್ಸಿಯೋರು ತಾರಸಿಯ ಶೀಟ್ ಕೆಳಗೆ ಇಡ್ತೀವಿ ಅಂದಿದ್ರು, ವೈರ್ ಉಳಿಯುತ್ತೆ ಅಂತ. ಏಪ್ರಿಲಲ್ಲಿ ಆ ಶೀಟ್ ಕೆಳಗೆ ನಿಲ್ಲೋಕಾಗಲ್ಲ, ಶಾಖ ಬ್ಯಾಟರಿಗೆ ದೊಡ್ಡ ಶತ್ರು, ಅದಕ್ಕೇ ನಾವು ಕೆಳಗೆ ಅಂಗಳದ ಕಡೆಯ ತಂಪು ಗೋಡೆಗೆ ಹಾಕ್ಸಿದ್ವಿ, ಮಲಗೋ ಕೋಣೆಗಳಿಂದ ದೂರ. ಬ್ಯಾಟರಿ 45 ಕೆಜಿ ಮೇಲಿದೆ, ಗೋಡೆ ಗಟ್ಟಿ ಇರ್ಬೇಕು. ಇನ್ವರ್ಟರ್ ಒಳಗೆ ಇರುವೆ ಹಲ್ಲಿ ಸೇರಿ ಬೋರ್ಡ್ ಸುಡೋದು ನಮ್ಮ ಕಡೆ ಮಾಮೂಲು, ಹಾಗಾಗಿ ಪೂರ್ತಿ ಮುಚ್ಚಿರೋ ಐಪಿ65 (ಧೂಳು, ನೀರು ಒಳಗೆ ಹೋಗದ) ಮಾಡಲ್ಲೇ ತಗೊಳ್ಳಿ, ಸ್ವಲ್ಪ ರೇಟ್ ಜಾಸ್ತಿ ಆದ್ರೂ.

ಸಿಡಿಲಿನ ವಿಷಯದಲ್ಲಿ ಉಳಿತಾಯ ಮಾಡ್ಲೇಬೇಡಿ. ಏಪ್ರಿಲ್ ಮೇನಲ್ಲಿ ನಮ್ಮಲ್ಲಿ ಸಿಡಿಲು ಎಷ್ಟು ಅಂತ ಮಲೆನಾಡಿನೋರಿಗೆ ಹೇಳ್ಬೇಕಿಲ್ಲ. ಪ್ಯಾನಲ್ ಕಡೆಗೆ ಒಂದು, ಮನೆ ಕಡೆಗೆ ಒಂದು, ಸಿಡಿಲಿನ ಕಂಬಿಗೆ ಒಂದು ಅಂತ ಮೂರು ಬೇರೆ ಬೇರೆ ಅರ್ಥಿಂಗ್ ಗುಂಡಿ ಬೇಕು, ಎಸಿ ಡಿಸಿ ಎರಡೂ ಪೆಟ್ಟಿಗೇಲಿ ಎಸ್‌ಪಿಡಿ (ಸಿಡಿಲಿಂದ ಏರೋ ವೋಲ್ಟೇಜನ್ನ ಭೂಮಿಗೆ ಇಳಿಸೋ ಸಾಧನ) ಬೇಕು. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೇಲಿ ಒಣಗಿದಾಗ ಅರ್ಥಿಂಗ್ ಸರಿಯಾಗಿ ಹಿಡಿಯಲ್ಲ. ಏಜೆನ್ಸಿಯೋರು ಬರೀ ರಾಡ್ ಹೊಡೆದು ಮಣ್ಣು ಮುಚ್ಚಿ ಹೋಗಿದ್ರು, ಎಲೆಕ್ಟ್ರೀಷಿಯನ್ ಅಣ್ಣ ಮೀಟರ್ ತಂದು ಅಳೆದಾಗ ರೀಡಿಂಗ್ ಜಾಸ್ತಿ ಬಂತು, ಅಂದ್ರೆ ಅರ್ಥಿಂಗ್ ಸರಿ ಇಲ್ಲ ಅಂತ, ಮತ್ತೆ ಕರೆಸಿ ಕೆಮಿಕಲ್ ಅರ್ಥಿಂಗ್ (ರಾಡ್ ಸುತ್ತ ತೇವ ಹಿಡಿಯೋ ಪುಡಿ ತುಂಬೋದು) ಮಾಡ್ಸಿದ್ವಿ. ಬಂದು ಸರಿ ಮಾಡಿಕೊಟ್ರು, ಹೆಚ್ಚಿಗೆ ದುಡ್ಡು ಕೇಳಲಿಲ್ಲ, ಅದನ್ನೂ ಹೇಳ್ಬೇಕು. ಆದ್ರೆ ಅಳೆದು ತೋರಿಸೋದು ಅವರ ಕೆಲಸ ಆಗಿತ್ತು. ಫೋನ್ ಎತ್ತೋದ್ರಲ್ಲಿ ಒಳ್ಳೆಯೋರು, ಬರೋದ್ರಲ್ಲಿ ನಿಧಾನ, ಸರ್ವಿಸಿಗೆ ಐದಕ್ಕೆ ಮೂರು ಕೊಡ್ತೀನಿ. ಬ್ಯಾಟರಿ ಇನ್ವರ್ಟರ್ ಎರಡಕ್ಕೂ ಐದಕ್ಕೆ ನಾಲ್ಕೂವರೆ.

ವಾರಂಟಿ ಕಾಗದದಲ್ಲಿ ಬ್ಯಾಟರಿಗೆ ಇಷ್ಟು ವರ್ಷ ಅಥವಾ ಇಷ್ಟು ಸೈಕಲ್ (ಒಂದು ಸಲ ತುಂಬಿ ಖಾಲಿ ಆದ್ರೆ ಒಂದು ಸೈಕಲ್), ಯಾವುದು ಮೊದಲೋ ಅದು ಅಂತ ಇರುತ್ತೆ, ಮಾತಲ್ಲಿ ಮಾತ್ರ ಹತ್ತು ವರ್ಷ ಅಂತಾರೆ. ಸೀರಿಯಲ್ ನಂಬರ್ ಸಮೇತ ನಿಮ್ಮ ಹೆಸರಲ್ಲಿ ಕಂಪನಿ ಸೈಟಲ್ಲಿ ರಿಜಿಸ್ಟರ್ ಆಗಿದೆಯಾ ನೋಡಿ, ಏಜೆನ್ಸಿ ನಾಳೆ ಅಂಗಡಿ ಮುಚ್ಚಿದ್ರೂ ಕಂಪನಿ ಹತ್ರ ಹೋಗೋ ಹಾಗಿರ್ಬೇಕು. ದುಡ್ಡು ಪೂರ್ತಿ ಒಂದೇ ಸಲ ಕೊಡ್ಬೇಡಿ, ನಾವು ಕೊನೆ ಕಂತನ್ನ ಹಿಡ್ಕೊಂಡಿದ್ವಿ. ನೆಟ್ ಮೀಟರ್ ಕೂತು, ಅರ್ಥಿಂಗ್ ಅಳೆದು, ಮೇನ್ ಸ್ವಿಚ್ ನಾವೇ ಆಫ್ ಮಾಡಿ ಬ್ಯಾಕಪ್ ಬೋರ್ಡಲ್ಲಿ ಇರೋದೆಲ್ಲಾ ಒಂದು ರಾತ್ರಿ ಪೂರ್ತಿ ಓಡಿಸಿ ನೋಡಿದ ಮೇಲೇ ಅದನ್ನ ಕೊಟ್ಟಿದ್ದು.